ಕಾರ್ ರೇಡಿಯೊ ಭದ್ರತಾ ಸಂಕೇತ

ಕಾರ್ ರೇಡಿಯೊ ಭದ್ರತಾ ಸಂಕೇತವು ತಯಾರಕರು ಕಾರಿನಲ್ಲಿ ಅಳವಡಿಸಿಯೇ ಕೊಡುವ ರೇಡಿಯೊವನ್ನು ಕಳ್ಳತನದಿಂದ ರಕ್ಷಿಸಲು ಬಳಸುವ ರಹಸ್ಯ ಸಂಖ್ಯೆಯಾಗಿದೆ. ಇದು ಸಾಮಾನ್ಯವಾಗಿ ನಾಲ್ಕು ಅಂಕೆಗಳದ್ದಾಗಿದ್ದು, ಕೆಲವು ತಯಾರಕರು ಐದು ಅಂಕೆಗಳನ್ನೂ ಬಳಸಿದ್ದಾರೆ. ರೇಡಿಯೊಗೆ ಬ್ಯಾಟರಿಯ ವಿದ್ಯುತ್ ಸಂಪರ್ಕ ಕಡಿದುಹೋಗಿ ಮತ್ತೆ ದೊರೆತಾಗ ಅದು ಈ ಸಂಖ್ಯೆಯನ್ನು ಕೇಳುತ್ತದೆ. ಸರಿಯಾದ ಸಂಖ್ಯೆ ನೀಡುವವರೆಗೆ ಧ್ವನಿ ಹೊರಡುವುದಿಲ್ಲ. ಆಡುಮಾತಿನಲ್ಲಿ ಇದನ್ನು ‘ರೇಡಿಯೊ ಕೋಡ್’ ಎನ್ನುತ್ತಾರೆ.

ಇತಿಹಾಸ

1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ ಸಂಸ್ಥೆಯು ‘ಮೊಟೊರೊಲಾ’ ಎಂಬ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ಯುರೋಪಿನಲ್ಲಿ 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಸಂಸ್ಥೆಯ ರೇಡಿಯೊ ಬಂದಿತು. 1980ರ ದಶಕದ ಹೊತ್ತಿಗೆ ಕ್ಯಾಸೆಟ್ ಪ್ಲೇಯರ್ ಸಹಿತವಾದ ರೇಡಿಯೊಗಳು ದುಬಾರಿಯಾದವು. ಹೆಚ್ಚಿನ ರೇಡಿಯೊಗಳು ಒಂದೇ ಪ್ರಮಾಣಿತ ಅಳತೆಯವಾಗಿದ್ದುದರಿಂದ ಒಂದು ಕಾರಿನಿಂದ ಕಿತ್ತದ್ದನ್ನು ಇನ್ನೊಂದಕ್ಕೆ ಸುಲಭವಾಗಿ ಜೋಡಿಸಬಹುದಾಗಿತ್ತು. ಗಾಜು ಒಡೆದು ರೇಡಿಯೊ ಕದಿಯುವುದು ಎಷ್ಟು ಸಾಮಾನ್ಯವಾಯಿತೆಂದರೆ, ನ್ಯೂಯಾರ್ಕ್ ನಗರದಲ್ಲಿ ‘ಈ ಕಾರಿನಲ್ಲಿ ರೇಡಿಯೊ ಇಲ್ಲ’ ಎಂಬ ಫಲಕವನ್ನು ಕಿಟಕಿಗೆ ಅಂಟಿಸುವ ರೂಢಿಯೇ ಬೆಳೆಯಿತು. ಇದಕ್ಕೆ ಪರಿಹಾರವಾಗಿ ಹೊರತೆಗೆಯಬಹುದಾದ ರೇಡಿಯೊ, ಕಳಚಬಹುದಾದ ಮುಖಫಲಕ ಮತ್ತು ಭದ್ರತಾ ಸಂಕೇತ ಎಂಬ ಮೂರು ಉಪಾಯಗಳು ಬಳಕೆಗೆ ಬಂದವು. ಕದ್ದ ರೇಡಿಯೊ ಕಳ್ಳನಿಗೆ ನಿರುಪಯುಕ್ತವಾಗಬೇಕೆಂಬುದು ಮೂರನೆಯದರ ತತ್ತ್ವ.

ಕಾರ್ಯವಿಧಾನ

ಸಂಕೇತವು ರೇಡಿಯೊದೊಳಗಿನ ಒಂದು ಸ್ಮೃತಿ ಚಿಪ್‌ನಲ್ಲಿ ದಾಖಲಾಗಿರುತ್ತದೆ. ವಿದ್ಯುತ್ ಇಲ್ಲದಿದ್ದರೂ ಈ ಚಿಪ್‌ನ ಮಾಹಿತಿ ಅಳಿಯುವುದಿಲ್ಲ. ಆದ್ದರಿಂದ ಬ್ಯಾಟರಿ ತೆಗೆದಿಟ್ಟು ಕಾಯುವುದರಿಂದ ಸಂಕೇತ ಮಾಯವಾಗುತ್ತದೆ ಎಂಬ ನಂಬಿಕೆ ತಪ್ಪು. ಬ್ಯಾಟರಿ ತೆಗೆಯುವುದೇ ರೇಡಿಯೊ ಸಂಕೇತವನ್ನು ಕೇಳಲು ಕಾರಣ.

ಬ್ಯಾಟರಿ ಬದಲಾಯಿಸುವುದು, ಅದು ಪೂರ್ತಿ ಖಾಲಿಯಾಗುವುದು, ಫ್ಯೂಸ್ ಸುಟ್ಟುಹೋಗುವುದು ಅಥವಾ ರಿಪೇರಿಗಾಗಿ ರೇಡಿಯೊವನ್ನು ಹೊರತೆಗೆಯುವುದು ಸಂಪರ್ಕ ಕಡಿಯುವ ಸಾಮಾನ್ಯ ಸಂದರ್ಭಗಳು. ಆಗ ಪರದೆಯ ಮೇಲೆ ‘ಕೋಡ್’ ಎಂದೂ, ಫೋಕ್ಸ್‌ವ್ಯಾಗನ್ ಸಮೂಹದ ಹಳೆಯ ರೇಡಿಯೊಗಳಲ್ಲಿ ‘ಸೇಫ್’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಕಾಣಿಸುತ್ತದೆ. ಹಲವು ಮಾದರಿಗಳಲ್ಲಿ ಕೇಂದ್ರಗಳನ್ನು ಆರಿಸುವ 1ರಿಂದ 4ರ ವರೆಗಿನ ಗುಂಡಿಗಳು ಸಂಕೇತದ ನಾಲ್ಕು ಅಂಕೆಗಳಿಗೆ ಅನುಕ್ರಮವಾಗಿ ಮೀಸಲಾಗಿರುತ್ತವೆ. ಉದಾಹರಣೆಗೆ, ಮೊದಲ ಅಂಕೆ 3 ಆಗಿದ್ದರೆ ಪರದೆಯಲ್ಲಿ 3 ಮೂಡುವವರೆಗೆ ಮೊದಲ ಗುಂಡಿಯನ್ನು ಪದೇ ಪದೇ ಒತ್ತಬೇಕು. ನಾಲ್ಕೂ ಅಂಕೆಗಳು ಮೂಡಿದ ಬಳಿಕ, ಕೈಪಿಡಿಯಲ್ಲಿ ಸೂಚಿಸಿರುವ ಗುಂಡಿಯಿಂದ ದೃಢೀಕರಿಸಬೇಕು.

ತಪ್ಪು ಪ್ರಯತ್ನಗಳು

ನಾಲ್ಕು ಅಂಕೆಗಳಿಂದ 0000ರಿಂದ 9999ರ ವರೆಗೆ 10,000 ಸಂಖ್ಯೆಗಳು ಸಾಧ್ಯ. ಊಹೆಯಿಂದ ಸಂಕೇತವನ್ನು ಕಂಡುಹಿಡಿಯದಂತೆ ರೇಡಿಯೊ ಪ್ರತಿ ಕೆಲವು ತಪ್ಪುಗಳ ನಂತರ ಕಾಯಿಸುತ್ತದೆ. ಫೋಕ್ಸ್‌ವ್ಯಾಗನ್‌ನ ಹಳೆಯ ರೇಡಿಯೊಗಳು ಎರಡು ತಪ್ಪುಗಳ ಬಳಿಕ ಸುಮಾರು ಒಂದು ಗಂಟೆ ಸ್ಥಗಿತಗೊಳ್ಳುತ್ತವೆ. ಗಂಟೆಗೆ ಎರಡರಂತೆ 10,000 ಸಂಖ್ಯೆಗಳನ್ನು ಪರೀಕ್ಷಿಸಲು 5,000 ಗಂಟೆ, ಅಂದರೆ 208 ದಿನಗಳಿಗೂ ಹೆಚ್ಚು ಕಾಲ ಬೇಕು. ಫೋರ್ಡ್‌ನ ಕೆಲವು ರೇಡಿಯೊಗಳಲ್ಲಿ 10 ತಪ್ಪುಗಳ ನಂತರ ‘ಲಾಕ್ 10’, 13ರ ನಂತರ ‘ಲಾಕ್ 13’ ಎಂಬ ಸೂಚನೆ ಬರುತ್ತದೆ. ಎರಡನೆಯ ಹಂತ ತಲುಪಿದ ಮೇಲೆ ಸರಿಯಾದ ಸಂಕೇತವೂ ಪ್ರಯೋಜನಕ್ಕೆ ಬಾರದು. ರೇಡಿಯೊವನ್ನು ದುರಸ್ತಿಗಾರರಿಗೇ ಒಪ್ಪಿಸಬೇಕಾಗುತ್ತದೆ.

ಸಂಕೇತವನ್ನು ಪಡೆಯುವ ಕ್ರಮ

ಸಂಕೇತವನ್ನು ಮೊದಲು ಹುಡುಕಬೇಕಾದುದು ಕಾರಿನೊಡನೆ ಬಂದ ಕಾಗದಪತ್ರಗಳಲ್ಲಿ. ಸಾಮಾನ್ಯವಾಗಿ ಅದು ಪ್ರತ್ಯೇಕ ಕಾರ್ಡಿನ ಮೇಲೋ ಮಾಲೀಕರ ಕೈಪಿಡಿಯಲ್ಲೋ ಇರುತ್ತದೆ. ಕಾರ್ಡನ್ನು ಕಾರಿನಲ್ಲೇ ಇಟ್ಟರೆ ಕಳ್ಳನಿಗೂ ಅದು ಸಿಗುವುದರಿಂದ ಮನೆಯಲ್ಲಿಡುವುದು ವಾಡಿಕೆ.

ಅಲ್ಲಿ ದೊರೆಯದಿದ್ದರೆ ರೇಡಿಯೊದ ಕ್ರಮಸಂಖ್ಯೆ ಬೇಕಾಗುತ್ತದೆ. ಇದು ರೇಡಿಯೊದ ಲೋಹದ ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಹೋಂಡಾ ಮತ್ತು ಫೋರ್ಡ್‌ನ ಕೆಲವು ಮಾದರಿಗಳಲ್ಲಿ 1 ಮತ್ತು 6ನೆಯ ಗುಂಡಿಗಳನ್ನು ಒಟ್ಟಿಗೆ ಒತ್ತುವ ಕ್ರಮದಿಂದ ಕ್ರಮಸಂಖ್ಯೆಯನ್ನು ಪರದೆಯ ಮೇಲೆಯೇ ಕಾಣಬಹುದು. ಈ ಕ್ರಮಸಂಖ್ಯೆ, 17 ಅಕ್ಷರಾಂಕಗಳ ಚಾಸಿ ಸಂಖ್ಯೆ, ನೋಂದಣಿ ಪತ್ರ (ಆರ್.ಸಿ.) ಮತ್ತು ಮಾಲೀಕರ ಗುರುತಿನ ಚೀಟಿಗಳೊಂದಿಗೆ ಅಧಿಕೃತ ಡೀಲರ್ ಬಳಿ ಕೋರಿಕೆ ಸಲ್ಲಿಸಬೇಕು. ಮಾಲೀಕತ್ವದ ದಾಖಲೆ ಕೇಳುವುದು ಕೇವಲ ವಿಧಿವಿಧಾನವಲ್ಲ; ಅದಿಲ್ಲದೆ ಯಾರಿಗಾದರೂ ಸಂಕೇತ ಕೊಟ್ಟರೆ ಇಡೀ ವ್ಯವಸ್ಥೆಯೇ ಅರ್ಥಹೀನವಾಗುತ್ತದೆ.

ಕೆಲವು ತಯಾರಕರು ಕ್ರಮಸಂಖ್ಯೆಯಿಂದಲೇ ಸಂಕೇತವನ್ನು ಲೆಕ್ಕಹಾಕುವ ಸೂತ್ರವನ್ನು ಬಳಸಿದ್ದು, ಅವು ಕಾಲಕ್ರಮೇಣ ಬಹಿರಂಗವಾಗಿವೆ. ಇದರಿಂದ ಹಣ ಪಡೆದು ಸಂಕೇತ ಹೇಳುವ ಖಾಸಗಿ ವ್ಯಾಪಾರ ಬೆಳೆದಿದೆ. ಇಂತಹವರು ಕೊಟ್ಟ ತಪ್ಪು ಸಂಖ್ಯೆಯನ್ನು ಒತ್ತಿದರೆ ಉಳಿದ ಪ್ರಯತ್ನಗಳೂ ವ್ಯರ್ಥವಾಗುತ್ತವೆ.

ಮಲೆನಾಡಿನ ಸಂದರ್ಭ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಭಾರೀ ಮಳೆಯ ಪ್ರದೇಶಗಳು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಮತ್ತು ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಸೇರಿವೆ. ಮಳೆಗಾಲದಲ್ಲಿ ವಾರಗಟ್ಟಲೆ ಕೊಟ್ಟಿಗೆಯಲ್ಲೇ ನಿಂತ ಕಾರಿನ ಬ್ಯಾಟರಿ ಖಾಲಿಯಾಗಿ, ಹೊಸದನ್ನು ಹಾಕಿಸಿದಾಗ ರೇಡಿಯೊ ಸಂಕೇತ ಕೇಳುವುದುಂಟು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ., ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ಇರುವುದರಿಂದ, ಡೀಲರ್‌ಗಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದವರು ಹೊರಡುವ ಮುನ್ನವೇ ಕ್ರಮಸಂಖ್ಯೆಯನ್ನು ಗುರುತುಹಾಕಿಕೊಂಡು ದಾಖಲೆಗಳನ್ನು ಜೊತೆಗಿಟ್ಟುಕೊಂಡರೆ ಎರಡನೆಯ ಓಡಾಟ ತಪ್ಪುತ್ತದೆ. ಭದ್ರಾವತಿ ಆಕಾಶವಾಣಿ ಈ ಭಾಗದ ಕೇಳುಗರಿಗೆ ಚಿರಪರಿಚಿತವಾದ ಕೇಂದ್ರ.

ಹಳೆಯ ಕಾರು ಕೊಳ್ಳುವಾಗ

ಹಳೆಯ ಕಾರಿನ ಮಾರಾಟದಲ್ಲಿ ಸಂಕೇತದ ಕಾರ್ಡು ಕೈತಪ್ಪುವುದು ಹೆಚ್ಚು. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳುವ ಹೊತ್ತಿಗೇ ಕಾರ್ಡನ್ನೂ ಕೇಳಿ ಪಡೆಯುವುದು ಒಳಿತು. ಆರ್.ಸಿ. ಹೊಸ ಮಾಲೀಕರ ಹೆಸರಿಗೆ ಆಗಿರದಿದ್ದರೆ ಡೀಲರ್ ಸಂಕೇತ ಕೊಡಲು ನಿರಾಕರಿಸಬಹುದು. ಬಿಡಿಯಾಗಿ ಮಾರಾಟಕ್ಕಿರುವ ರೇಡಿಯೊಗೆ ಸಂಕೇತವೂ ರಸೀದಿಯೂ ಇಲ್ಲವೆಂದರೆ ಅದರ ಮೂಲವನ್ನು ವಿಚಾರಿಸಬೇಕು. ಕದ್ದದ್ದೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಡಿ ಅಪರಾಧ.

ಇತ್ತೀಚಿನ ಬೆಳವಣಿಗೆಗಳು

ಹೊಸ ಕಾರುಗಳಲ್ಲಿ ರೇಡಿಯೊ ವಾಹನದ ಇತರ ಗಣಕ ಘಟಕಗಳೊಂದಿಗೆ ಸಂಪರ್ಕದಲ್ಲಿರುತ್ತದೆ. ಅದೇ ಕಾರಿನಲ್ಲಿದೆಯೆಂದು ತಾನೇ ಗುರುತಿಸಿಕೊಂಡರೆ ಅದು ಸಂಕೇತ ಕೇಳುವುದಿಲ್ಲ. ಬೇರೆ ಕಾರಿಗೆ ಜೋಡಿಸಿದರೆ ಮಾತ್ರ ಸ್ಥಗಿತಗೊಳ್ಳುತ್ತದೆ. ಪರದೆ, ನಕ್ಷೆ ಮತ್ತು ದೂರವಾಣಿ ಸಂಪರ್ಕಗಳೆಲ್ಲ ಒಂದಾಗಿ ರೇಡಿಯೊ ಕಾರಿನ ಮುಂಭಾಗದಲ್ಲೇ ಬೆಸೆದುಹೋಗಿರುವುದರಿಂದ ಅದನ್ನು ಕಿತ್ತು ಮಾರುವುದೂ ಕಷ್ಟವಾಗಿದೆ. ಆದರೂ ಹಳೆಯ ಕಾರುಗಳು ರಸ್ತೆಯಲ್ಲಿರುವವರೆಗೆ ಭದ್ರತಾ ಸಂಕೇತದ ಅಗತ್ಯ ಉಳಿದಿರುತ್ತದೆ.

ಇವನ್ನೂ ನೋಡಿ

ಆಕಾಶವಾಣಿ
ಬ್ಯಾಟರಿ
ಮೋಟಾರು ವಾಹನ ಕಾಯ್ದೆ, 1988