ಚೈತ್ರದ ಮಡ್ಡಿಯಲ್ಲಿ ಓತಿಕ್ಯಾತ ಹುಡುಕುವುದು ಹೇಗೆ?

ಹಾವು, ಹಲ್ಲಿ, ಕಪ್ಪೆ ನೋಡಬೇಕೆನ್ನುವವರು ಅಂಬೋಲಿ, ಆಗುಂಬೆಯ ಹಾದಿ ಹಿಡಿಯುತ್ತಾರೆ. ಅಕ್ಕಲಕೋಟ ತಾಲ್ಲೂಕಿನ ಹನ್ನೂರಿನ ಕಡೆಯವರು ಅಷ್ಟು ದೂರ ಹೋಗಬೇಕಿಲ್ಲ. ಸೊಲ್ಲಾಪುರ ಸೀಮೆಯಲ್ಲಿ ದೊಡ್ಡ ಬೆಟ್ಟಗಳಿಲ್ಲದಿದ್ದರೂ ಎರೆಹೊಲಗಳ ನಡುವೆ ನೇಗಿಲು ಇಳಿಯದ ಕಲ್ಲುಮಡ್ಡಿಗಳಿವೆ. ಚೈತ್ರದಲ್ಲಿ ಅಲ್ಲಿಗೆ ಹೋಗಿ ನೋಡಿ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಈ ಜೀವಿಗಳಿಗೆ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಕಡಿಮೆ. ಬಿಸಿಲು ಕಾಯಿಸಿಕೊಂಡೇ ಓಡಾಡಬೇಕು. ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಕರಿಕಲ್ಲು ಬೇಗ ಕಾದುಬಿಡುತ್ತದೆ, ಆಮೇಲೆ ಎಲ್ಲವೂ ನೆರಳಿಗೆ, ಬಿಲಕ್ಕೆ ಸರಿಯುತ್ತವೆ. ಆದ್ದರಿಂದ ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ನೋಡುವುದು ಮೇಲು. ಮಧ್ಯಾಹ್ನ ಅಲೆದು ಫಲವಿಲ್ಲ.

ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಸುತ್ತಲಿನ ಕಲ್ಲುಗಳಲ್ಲಿ ಎತ್ತರದ್ದನ್ನು ಗುರುತಿಸಿ ಅದನ್ನೇ ನೋಡುತ್ತಿರಿ. ಮಾರ್ಚ್‌ನಿಂದ ಮಳೆ ಬರುವವರೆಗೆ ಅದರ ಮೇಲೆ ಬೀಸಣಿಗೆ ಗಂಟಲಿನ ಗಂಡು ಓತಿ ಕೂರುತ್ತದೆ. ಗಂಟಲ ಕೆಳಗಿನ ತೊಗಲನ್ನು ಒಮ್ಮೆಲೇ ಬಿಚ್ಚಿದಾಗ ನೀಲಿ, ಕಪ್ಪು, ಕಿತ್ತಳೆ ಬಣ್ಣ ಮಿಂಚುತ್ತದೆ. ಹೆಣ್ಣನ್ನು ಕರೆಯಲು, ಬೇರೆ ಗಂಡನ್ನು ಹೊರಗಿಡಲು ಈ ಆಟ. ಬೆದರಿದರೆ ಹಿಂಗಾಲ ಮೇಲೆ ಎದ್ದು ಓಡುತ್ತದೆ. ಮಹಾರಾಷ್ಟ್ರದ ದಖ್ಖನ್ ಭಾಗ ಮತ್ತು ಉತ್ತರ ಕರ್ನಾಟಕದ ಈ ಬಣ್ಣದ ಓತಿಗಳಿಗೆ 2016ರಲ್ಲಿ ವಿಜ್ಞಾನಿಗಳು ‘ಸರಡಾ’ ಎಂಬ ಪ್ರತ್ಯೇಕ ಕುಲವನ್ನೇ ಗುರುತಿಸಿದರು. ನನ್ನ ಮಟ್ಟಿಗೆ ಈ ನಾಡಿನ ಅತಿ ಚೆಲುವಾದ ಪ್ರಾಣಿ ಇದೇ.

ಕಲ್ಲು ಎತ್ತಿ ನೋಡುವುದಾದರೆ ಬರಿಗೈ ಹಾಕಬೇಡಿ. ಕೊಕ್ಕೆಯ ಕೋಲಿನಿಂದ ಆಚೆಯ ಅಂಚನ್ನು ನಿಮ್ಮ ಕಡೆಗೆ ಎತ್ತಿ. ಕಲ್ಲೇ ನಿಮಗೂ ಒಳಗಿದ್ದದ್ದಕ್ಕೂ ನಡುವೆ ಅಡ್ಡವಾಗಿರುತ್ತದೆ. ಹಾವರಾಣಿ, ಹಲ್ಲಿ, ಚೇಳು ಸಿಗಬಹುದು. ಗರಗಸ ಮಂಡಲವೂ ಸಿಗಬಹುದು. ಮರಾಠಿಯವರು ಫುರ್ಸೆ ಎನ್ನುವ ಈ ಸಣ್ಣ ಹಾವು ಮಣ್ಣಿನ ಬಣ್ಣದಲ್ಲೇ ಅಡಗಿರುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ. ಬೇಸಿಗೆಯಲ್ಲಿ ಅದರಡಿಯ ತೇವವೇ ಅವುಗಳ ಆಸರೆ.

ಕಪ್ಪೆ ಈಗ ಕಡಿಮೆ. ಬಿಲ ತೋಡುವ ಕಪ್ಪೆಗಳ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟಿರುತ್ತದೆ. ಅದರಿಂದ ಮಣ್ಣು ಸರಿಸುತ್ತ ಹಿಂದಕ್ಕೆ ಇಳಿದು ಮಳೆಗಾಗಿ ಕಾಯುತ್ತವೆ. ಅವನ್ನು ಅಗೆದು ತೆಗೆಯಬಾರದು. ಬೋರಿ ನದಿಯ ಕುರನೂರ ಅಣೆಕಟ್ಟಿನ ಹಿನ್ನೀರಿನಂಥ ಕಡೆ ಸಂಜೆ ಬ್ಯಾಟರಿ ಹಿಡಿದರೆ ನೀರ ಮೇಲೆ ಜಿಗಿಯುವ ಕಪ್ಪೆ ಕಾಣುತ್ತದೆ. ಉಳಿದವಕ್ಕೆ ಮಿರಗದ ಮಳೆ ಬರಬೇಕು.

ಕಾಲಿಗೆ ಬೂಟು, ಜೊತೆಗೊಬ್ಬರು ಇರಲೇಬೇಕು. ಉಡವನ್ನಾಗಲಿ ಹಾವನ್ನಾಗಲಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಹಿಡಿದು ನೇರ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ನಡೆಯುತ್ತದೆ. ಹಾವು ಹುಡುಕುತ್ತ ಹೊತ್ತು ಕಳೆಯಬೇಕಿಲ್ಲ.

ಮಡ್ಡಿಯನ್ನು ಪಾಳು ಎಂದು ಬರೆದು ಜೆಸಿಬಿ ಇಳಿಸುವ ಮೊದಲು, ಬದುವಿನ ಹುಲ್ಲಿಗೆ ಬೆಂಕಿ ಇಡುವ ಮೊದಲು, ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಅಲ್ಲಿ ನಿಂತು ನೋಡಿ.