ಗೋಮುಖದ ಕಲ್ಲುರಾಶಿ ನಡೆಯುತ್ತದೆ

ಯಡ್ತರೆಯ ಓದುಗರೊಬ್ಬರು ಚಾರ್‌ಧಾಮ್‌ಗೆ ಹೋದವರು ಗಂಗೋತ್ರಿಯಲ್ಲಿ ಗೈಡ್ ಗೊತ್ತುಮಾಡಿಕೊಂಡು ಗೋಮುಖವನ್ನೂ ನೋಡಿ ಬಂದರಂತೆ. ಫೋನಿನಲ್ಲಿ ಅವರ ದೂರು ಹೀಗಿತ್ತು: “ಹದ್ನೆಂಟ್ ಕಿಲೋಮೀಟರ್ ನಡ್ದದ್ದ್ ಎಂತಕ್ ಮಾರ್ರೆ? ಐಸ್ ಎಲ್ಲಿತ್ತ್? ಬರೀ ಕಲ್ಲ್‌ರಾಶಿ. ಅದ್ ನದಿ, ಹರಿತಾ ಇತ್ತ್ ಅಂದ ಗೈಡ್. ಹೌದಾ?”

ಹೌದು, ಗೈಡ್ ಹೇಳಿದ್ದು ಸರಿ. ಅವರು ಕಂಡ ಕಲ್ಲುರಾಶಿಯ ಅಡಿಯಲ್ಲೇ ಐಸ್ ಇದೆ. ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿ.ಮೀ. ದಾರಿಯುದ್ದಕ್ಕೂ ಎರಡೂ ಬದಿಯ ಬೆಟ್ಟದ ಗೋಡೆಗಳಿಂದ ಕಲ್ಲು ಉರುಳಿ ಅದರ ಮೇಲೆ ಬೀಳುತ್ತಲೇ ಇರುತ್ತದೆ. ಮೇಲ್ಭಾಗದಲ್ಲಿ ಬಿದ್ದ ಕಲ್ಲನ್ನು ಹೊಸ ಹಿಮ ಹೂತುಹಾಕುತ್ತದೆ. ಕೆಳಗೆ ಬಂದಂತೆ ಐಸ್ ಕರಗಿ ಕಲ್ಲು ಮತ್ತೆ ಬಯಲಿಗೆ ಬರುತ್ತದೆ. ಹಾಗಾಗಿ ಕೆಳತುದಿಯಾದ ಗೋಮುಖದಲ್ಲಿ, ಅಂದರೆ ಹಿಮನದಿಯ ಮೂತಿಯ ಬಳಿ, ಕಾಣುವುದೆಲ್ಲ ಕೊಳಕು. ತೆಳ್ಳಗಿನ ಧೂಳು ಬಿಸಿಲು ಹೀರಿ ಕರಗುವಿಕೆಯನ್ನು ಹೆಚ್ಚಿಸಿದರೆ, ದಪ್ಪ ಕಲ್ಲಿನ ಹೊದಿಕೆ ಐಸನ್ನು ಬಿಸಿಲಿನಿಂದ ಕಾಯುತ್ತದೆ.

ಇನ್ನು ಹರಿಯುವ ಮಾತು. ಇದು ಗೊತ್ತಾದ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದವಾದರೂ ಹೇಳುತ್ತೇನೆ. 1788ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಆಲ್ಪ್ಸ್‌ನ ಹಿಮನದಿಯೊಂದರಿಂದ ಇಳಿಯುವಾಗ ಮರದ ಏಣಿಯೊಂದನ್ನು ಅಲ್ಲೇ ಬಿಟ್ಟು ಬಂದರು. 1832ರಲ್ಲಿ ಅದರ ತುಂಡುಗಳು ಸಿಕ್ಕಿದ್ದು ಸುಮಾರು 4 ಕಿ.ಮೀ. ಕೆಳಗೆ! ಏಣಿಗೆ ಕಾಲಿಲ್ಲ, ನಡೆದದ್ದು ಐಸ್. ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್ ಇಷ್ಟಕ್ಕೆ ಸುಮ್ಮನಾಗಲಿಲ್ಲ. 1842ರಲ್ಲಿ ಸರ್ವೆಯವರ ಥಿಯೊಡೊಲೈಟ್ ಹೊತ್ತು ಮೆರ್ ದ ಗ್ಲಾಸ್ ಎಂಬ ಹಿಮನದಿಗೆ ಹೋಗಿ ಅಳೆದೇ ನೋಡಿದರು. ಅದು ಹಗಲೂ ರಾತ್ರಿ ಚಲಿಸುತ್ತದೆ; ದಂಡೆಗಿಂತ ನಡುವೆ ವೇಗ ಹೆಚ್ಚು. ಪಾತ್ರೆಯನ್ನು ಓರೆ ಮಾಡಿದಾಗ ಜೋನಿಬೆಲ್ಲ ಇಳಿಯುವುದನ್ನು ಕಂಡವರಿಗೆ ಇದು ಹೊಸದಲ್ಲ: ಅಂಚಿನದು ಪಾತ್ರೆಗೆ ಕಚ್ಚಿಕೊಂಡಿರುತ್ತದೆ, ನಡುವಿನದು ನಾಲಿಗೆ ಚಾಚಿದಂತೆ ಮುಂದೆ ಬರುತ್ತದೆ. ಚಳಿಗೆ ಬೆಲ್ಲ ಗಟ್ಟಿಯಾಗಿ ನಿಧಾನವಾಗುವಂತೆ, ಐಸೂ ತಣ್ಣಗಾದಷ್ಟು ನಿಧಾನ.

ಫೋರ್ಬ್ಸ್ ತಮ್ಮ ಲೆಕ್ಕದ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದರೆಂದರೆ, ಒಂದು ಭವಿಷ್ಯವನ್ನೂ ನುಡಿದರು. 1820ರಲ್ಲಿ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರ ಹತ್ತುವಾಗ ಹಿಮಪಾತಕ್ಕೆ ಸಿಕ್ಕಿ ಮೂವರು ಗೈಡ್‌ಗಳು ಸತ್ತಿದ್ದರು; ದೇಹ ಸಿಕ್ಕಿರಲಿಲ್ಲ. ದುರಂತ ನಡೆದ ಸುಮಾರು 40 ವರ್ಷಕ್ಕೆ ಹಿಮನದಿ ಅವರನ್ನು ಕೆಳಗೆ ತಂದು ಬಿಡುತ್ತದೆ ಎಂದರು ಫೋರ್ಬ್ಸ್. 1861ರಲ್ಲಿ ಬೊಸೋನ್ ಹಿಮನದಿಯ ಕೆಳತುದಿಯಲ್ಲಿ ಅವಶೇಷಗಳು ಹೊರಬಂದವು. ಅಂದು ಬದುಕುಳಿದಿದ್ದ ಗೈಡೊಬ್ಬರು, ಅಷ್ಟರಲ್ಲಿ ಮುದುಕರಾಗಿದ್ದವರು, ತಮ್ಮ ಜೊತೆಗಾರರನ್ನು ಗುರುತಿಸಿದರು.

ಆದರೆ ಐಸ್ ಗಟ್ಟಿ ವಸ್ತು, ಹರಳು. ಅದು ಹೇಗೆ ಹರಿಯುತ್ತದೆ? ಹತ್ತಾರು ಮೀಟರ್ ದಪ್ಪವಾದಾಗ ತನ್ನದೇ ಭಾರಕ್ಕೆ ಒಳಗಿನ ಹರಳುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ಇದನ್ನು ಪರೀಕ್ಷಿಸಲು 1948ರಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಯೊಂದಕ್ಕೆ ನೂರು ಮೀಟರಿಗೂ ಆಳವಾಗಿ ಉಕ್ಕಿನ ಕೊಳವೆ ಇಳಿಸಿದವರು ಮ್ಯಾಕ್ಸ್ ಪೆರುಟ್ಜ್. ಕೊಳವೆ ಮುಂದಕ್ಕೆ ಬಾಗಿತು: ಮೇಲಿನ ಐಸ್ ತಳದ್ದಕ್ಕಿಂತ ಬೇಗ ಹೋಗುತ್ತದೆ ಎಂಬುದು ಖಚಿತವಾಯಿತು. ಇದೇ ಪೆರುಟ್ಜ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ರಚನೆ ಬಿಡಿಸಿ 1962ರಲ್ಲಿ ನೊಬೆಲ್ ಪಡೆದವರು. ಗೋಮುಖದ ದಾರಿಯಲ್ಲಿ ಏದುಸಿರು ಬಿಡುವವರು ಅವರನ್ನು ಎರಡು ಕಾರಣಕ್ಕೆ ನೆನೆಯಬಹುದು.

ಗಂಗೋತ್ರಿಯ ಲೆಕ್ಕಕ್ಕೆ ನಾವು ಆಲ್ಪ್ಸ್‌ಗೆ ಹೋಗಬೇಕಿಲ್ಲ, ಬೆಂಗಳೂರು ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಈ ಹಿಮನದಿಯ ವೇಗ ಅಳೆದು, ಅದರಿಂದ ದಪ್ಪವನ್ನು ಅಂದಾಜಿಸಿ 2014ರಲ್ಲಿ ಪ್ರಕಟಿಸಿದರು. ಮೇಲ್ಭಾಗದಲ್ಲಿ ಸುಮಾರು 540 ಮೀಟರ್ ದಪ್ಪ, ಮೂತಿಯ ಹತ್ತಿರ 50–60 ಮೀಟರ್. ಮೂತಿಯ ಬಳಿ ವೇಗ ವರ್ಷಕ್ಕೆ 20ರಿಂದ 30 ಮೀಟರ್. ಅಂದರೆ ದಿನಕ್ಕೆ ಐದರಿಂದ ಎಂಟು ಸೆಂಟಿಮೀಟರ್. ನಮ್ಮ ಓದುಗರು ನಿಂತು ನೋಡಿದ ಅರ್ಧ ಗಂಟೆಯಲ್ಲಿ ಒಂದೆರಡು ಮಿಲಿಮೀಟರ್. ಕಣ್ಣಿಗೆ ಕಾಣದಿದ್ದರೆ ಅವರ ತಪ್ಪಲ್ಲ.

ಹಾಗಾದರೆ ‘ಗಂಗೋತ್ರಿ ಹಿಂದೆ ಸರಿಯುತ್ತಿದೆ’ ಎಂಬ ಸುದ್ದಿ? ಅದೂ ನಿಜ. ಐಸ್ ಬೆಟ್ಟ ಹತ್ತುವುದಿಲ್ಲ, ಇಳಿಯುತ್ತಲೇ ಇರುತ್ತದೆ. ಬಂದದ್ದಕ್ಕಿಂತ ಕರಗಿದ್ದು ಹೆಚ್ಚಾದಾಗ ತುದಿ ಮೇಲಕ್ಕೆ ಹೋಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆಡೆನ್ 1935ರಲ್ಲಿ ಮೂತಿಯ ಜಾಗ ಗುರುತಿಸಿದ್ದರು; 1996ರ ಹೊತ್ತಿಗೆ ಅದು ಒಂದು ಕಿ.ಮೀ.ಗಿಂತ ಹೆಚ್ಚು ಮೇಲಕ್ಕೆ ಹೋಗಿತ್ತು, ವರ್ಷಕ್ಕೆ ಸರಾಸರಿ 19 ಮೀಟರ್. ಇಪ್ಪತ್ತು ಮೂವತ್ತು ಮೀಟರ್ ಕೆಳಗೆ ಬಂದೂ ಹತ್ತೊಂಬತ್ತು ಮೀಟರ್ ಹಿಂದೆ ಬೀಳಬೇಕಾದರೆ ವರ್ಷಕ್ಕೆ ನಲವತ್ತರಿಂದ ಐವತ್ತು ಮೀಟರ್ ಐಸ್ ಕರಗಬೇಕು. ನನಗೆ ಗಾಬರಿ ಹುಟ್ಟಿಸುವುದು ಈ ಕೂಡಿಸಿದ ಲೆಕ್ಕ, ‘ಹಿಮಾಲಯ ಬರಿದಾಗುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶವಲ್ಲ. 2035ರೊಳಗೆ ಹಿಮಾಲಯದ ಹಿಮನದಿಗಳು ಇಲ್ಲವಾಗಬಹುದು ಎಂದು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2007ರ ವರದಿಯಲ್ಲಿ ಬಂದಿತ್ತು. ಆಧಾರವಿಲ್ಲವೆಂದು 2010ರಲ್ಲಿ ಆ ಸಂಸ್ಥೆಯೇ ಅದನ್ನು ಹಿಂತೆಗೆದುಕೊಂಡಿತು. 2035 ಎಂಬ ಆ ಇಸವಿ ಇಂದಿಗೂ ಭಾಷಣಗಳಲ್ಲಿ ಕೇಳುತ್ತದೆ.

ನಮ್ಮ ಪಶ್ಚಿಮ ಘಟ್ಟದ ಕೊಡಚಾದ್ರಿಯಲ್ಲಿ ಯಾಕೆ ಹಿಮವಿಲ್ಲ ಎಂದೂ ಆ ಓದುಗರು ಕೇಳಿದ್ದರು. ಒಂದು ಕಿಲೋಮೀಟರ್ ಏರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. 1343 ಮೀಟರಿಗೆ ಎಂಟೇ ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಹಿಮ ನಿಲ್ಲಲು 5000 ಮೀಟರಾದರೂ ಬೇಕು, ಅಂದರೆ ಕೊಡಚಾದ್ರಿಯ ಮೇಲೆ ಇನ್ನೂ ಮೂರು ಕೊಡಚಾದ್ರಿ.

ಹೋಗುವವರಿಗೆ ಒಂದು ಮಾತು. ಗೋಮುಖ ಸುಮಾರು 4000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ಕಡಲ ಬದಿಯ ನಮ್ಮಂಥವರ ಶ್ವಾಸಕೋಶಕ್ಕೆ ಅದು ಪರೀಕ್ಷೆಯೇ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ತೀರಿಕೊಂಡರು. ಆ ತಂಡದ ಜೊತೆಗೂ ಗೈಡ್‌ಗಳಿದ್ದರು. ಹೋಗಿ ಬರುವ 36 ಕಿ.ಮೀ.ಯನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಗಂಗೋತ್ರಿಯಲ್ಲಿ ಒಂದು ದಿನ ನಿಂತು ಮೈ ಒಗ್ಗಿಸಿಕೊಳ್ಳಿ, ರಾತ್ರಿ ಭೋಜ್‌ಬಾಸಾದಲ್ಲಿ ಉಳಿಯಿರಿ, ಬಿಸಿಲೇರುವ ಮೊದಲೇ ಮೂತಿ ನೋಡಿ. ಹೊತ್ತೇರಿದಂತೆ ಐಸ್ ಸಡಿಲಾಗಿ ಕಲ್ಲು ಬೀಳುತ್ತದೆ, ಫೋಟೊಕ್ಕೆಂದು ಐಸಿನ ಗೋಡೆಯ ಬುಡಕ್ಕೆ ಹೋಗಬೇಡಿ. ತಲೆನೋವು, ವಾಂತಿ ಶುರುವಾದರೆ ಹಣ ಹೋಯಿತೆಂದು ನೋಡದೆ ಅಲ್ಲಿಂದಲೇ ಕೆಳಗಿಳಿಯಿರಿ.