ಇಟ್ಟಿಗೆಗೊಂದು ಹೆಸರು

ಮನೆ ಕಟ್ಟೋದಕ್ಕೆ ಇಟ್ಟಿಗೆ ಬೇಕು ಅಂತ ನಮಗೆಲ್ಲ ಗೊತ್ತು. ಸತ್ತವರ ಹೆಸರು ಉಳಿಸೋದಕ್ಕೂ ಇಟ್ಟಿಗೆ ಬಳಸಿದ್ದಾರೆ, ಗೊತ್ತೇ? ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅಂಥದೊಂದು ರಾಷ್ಟ್ರೀಯ ಸ್ಮಾರಕ ಇದೆ.

ಎರಡನೇ ಮಹಾಯುದ್ಧದಲ್ಲಿ, 1940ರ ಮೇ ತಿಂಗಳಲ್ಲಿ, ಹಿಟ್ಲರನ ಸೈನ್ಯ ಈ ದೇಶವನ್ನು ಆಕ್ರಮಿಸಿತು. ಆಗ ಅಲ್ಲಿ ಸುಮಾರು 1,40,000 ಯಹೂದಿಗಳಿದ್ದರು. 1941ರಲ್ಲಿ ಅವರೆಲ್ಲರೂ ಹೆಸರು ನೋಂದಾಯಿಸಲೇಬೇಕು ಎಂದು ಆಜ್ಞೆಯಾಯಿತು. ಅದೇ ವರ್ಷ ಯಹೂದಿ ಮಕ್ಕಳನ್ನು ಬೇರೆ ಮಕ್ಕಳ ಜೊತೆ ಓದದಂತೆ ಶಾಲೆಗಳಿಂದ ಹೊರಗೆ ಹಾಕಿದರು. 1942ರಿಂದ ಪಟ್ಟಿ ಹಿಡಿದು ಅವರನ್ನು ಮನೆಗಳಿಂದ ಎಳೆದೊಯ್ದು, ರೈಲಿನಲ್ಲಿ ತುಂಬಿ ಆಶ್‌ವಿಟ್ಸ್, ಸೊಬಿಬೋರ್ ಮುಂತಾದ ಶಿಬಿರಗಳಿಗೆ ಕಳಿಸಿದರು. ನಾಲ್ಕು ಜನರಲ್ಲಿ ಸುಮಾರು ಮೂರು ಜನ ಬದುಕಿ ಉಳಿಯಲಿಲ್ಲ. ರೋಮಾ ಮತ್ತು ಸಿಂಟಿ ಜನಾಂಗದವರನ್ನೂ ಹೀಗೇ ಕೊಂದರು. ಇಂಥ ಕೊಲೆಗಳು ಯುರೋಪಿನ ಅನೇಕ ದೇಶಗಳಲ್ಲಿ ನಡೆದವು. ಈ ನರಮೇಧಕ್ಕೇ ಹಾಲೊಕಾಸ್ಟ್ ಅನ್ನುತ್ತಾರೆ.

ಸತ್ತವರಿಗೆ ಸಮಾಧಿಯೇ ಇಲ್ಲ. ಹಾಗಾದರೆ ಬಂಧುಗಳು ಒಂದು ಹೂ ಇಡೋದಾದರೂ ಎಲ್ಲಿ? ಅದಕ್ಕಾಗಿಯೇ ಅಲ್ಲಿನ ಆಶ್‌ವಿಟ್ಸ್ ಸಮಿತಿ ಸ್ಮಾರಕ ಕಟ್ಟಲು ಹೊರಟಿತು. ಕೆಲಸ ಸುಲಭವಾಗಲಿಲ್ಲ. ಜಾಗದ ತಕರಾರು ಕೋರ್ಟಿನವರೆಗೂ ಹೋಯಿತು. ಕೊನೆಗೆ 2021ರ ಸೆಪ್ಟೆಂಬರ್ 19ರಂದು ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಉದ್ಘಾಟಿಸಿದರು. ಇದರ ವಿನ್ಯಾಸಕಾರ ಡೇನಿಯಲ್ ಲಿಬೆಸ್ಕಿಂಡ್.

ಇಲ್ಲಿ ಇಟ್ಟಿಗೆ ಗೋಡೆಗಳಿವೆ. ಒಬ್ಬರಿಗೆ ಒಂದೇ ಇಟ್ಟಿಗೆ. ಅದರ ಮೇಲೆ ಹೆಸರು, ಹುಟ್ಟಿದ ದಿನ, ಸಾಯುವಾಗಿನ ವಯಸ್ಸು, ಇಷ್ಟೇ. ಒಟ್ಟು 1,02,000ಕ್ಕೂ ಹೆಚ್ಚು ಹೆಸರುಗಳು! ದಿನಚರಿ ಬರೆದ ಆನ್ ಫ್ರಾಂಕ್‌ಳ ಹೆಸರೂ ಇದೆ. ಸಾಯುವಾಗ ಅವಳಿಗೆ 15 ವರ್ಷ, ಅಂದ್ರೆ ಹೈಸ್ಕೂಲಿನಲ್ಲಿರೋ ನಮ್ಮ ಅಕ್ಕಂದಿರ ವಯಸ್ಸು. ಸಾಮಾನ್ಯ ಜನ 50 ಯೂರೋ ಕೊಟ್ಟು ಒಂದೊಂದು ಹೆಸರಿನ ಖರ್ಚು ವಹಿಸಿಕೊಂಡರು. ಹೆಸರೇ ತಿಳಿಯದೆ ಹೋದವರಿಗಾಗಿ 1,000 ಖಾಲಿ ಇಟ್ಟಿಗೆಗಳನ್ನೂ ಇಟ್ಟಿದ್ದಾರೆ. ಮೇಲಿನಿಂದ ನೋಡಿದರೆ ಗೋಡೆಗಳ ಮೇಲ್ಭಾಗ ನಾಲ್ಕು ಹೀಬ್ರೂ ಅಕ್ಷರಗಳಂತೆ ಕಾಣುತ್ತದೆ. ಅವುಗಳ ಅರ್ಥ ‘ನೆನಪಿಗಾಗಿ’.

ಇಷ್ಟು ಹೆಸರು ಯಾಕೆ ಬರೀಬೇಕಿತ್ತು, ಒಂದು ಕಲ್ಲಿನ ಮೇಲೆ ಲೆಕ್ಕ ಬರೆದರೆ ಸಾಲದೇ ಅಂತ ಕೇಳಬಹುದು. ನೋಡಿ, ಲಕ್ಷ ಅನ್ನೋದು ಗಣಿತದ ಲೆಕ್ಕ. ಹೆಸರು, ವಯಸ್ಸು ಓದಿದಾಗಲೇ ಅದು ಒಂದು ಮಗು, ಒಬ್ಬ ಅಜ್ಜಿ ಅಂತ ತಿಳಿಯೋದು. ಅಂದು ಕೊಲ್ಲೋದಕ್ಕೆ ಹೆಸರಿನ ಪಟ್ಟಿ ಮಾಡಿದರು. ಇಂದು ಅದೇ ಹೆಸರುಗಳನ್ನು ಮರೆಯಬಾರದು ಅಂತ ಬರೆದಿದ್ದಾರೆ. ಜನರ ಹೆಸರನ್ನು ಯಾರು ಯಾತಕ್ಕೆ ಬರೆದುಕೊಳ್ಳುತ್ತಾರೆ ಅನ್ನೋದನ್ನು ನಾವೂ ಗಮನಿಸುತ್ತಿರಬೇಕು, ಅಲ್ಲವೇ?